ಡಿಸ್ಪೋಸಲ್ ಜೀಪಿನ ಮರದ ಬೆನ್ನು

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳಬರ ಹತ್ತಿರ ಜೀಪಿನ ವಿಷಯ ತೆಗೆದರೆ "ಡಿಸ್ಪೋಸಲ್ ಗಾಡಿ" ಅನ್ನೋ ಮಾತು ಬಂದೇ ಬರುತ್ತೆ. ಎರಡನೇ ಮಹಾಯುದ್ಧ 1945ರಲ್ಲಿ ಮುಗಿದಾಗ ಸೈನ್ಯಕ್ಕೆ ಬೇಡವಾದ ವಾಹನಗಳನ್ನು ಭಾರತದಲ್ಲಿ ಮಾರಾಟಕ್ಕೆ ಬಿಟ್ಟರು. ಅದರಲ್ಲಿ ವಿಲ್ಲಿಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯೂ ಜೀಪುಗಳೂ ಇದ್ದವು. ಯುದ್ಧದ ವರ್ಷಗಳಲ್ಲಿ ಎರಡೂ ಕಂಪನಿ ಸೇರಿ ಮಾಡಿದ್ದು ಆರು ಲಕ್ಷಕ್ಕೂ ಹೆಚ್ಚು. ಹೀಗೆ ವಿಲೇವಾರಿಯಾಗಿ ಬಂದ ಗಾಡಿಯೇ ನಮ್ಮ ಕಡೆ ಬಾಯಲ್ಲಿ ಡಿಸ್ಪೋಸಲ್ ಆಯ್ತು. 1947ರಲ್ಲಿ ಮಹೀಂದ್ರಾದವರು ಬಿಡಿಭಾಗ ತರಿಸಿ ಇಲ್ಲೇ ಜೀಪು ಜೋಡಿಸೋಕೆ ಶುರುಮಾಡಿದರು. ಅದು ಬೇರೆ ಕಥೆ.

ನಮ್ಮ ಘಟ್ಟಕ್ಕೆ ಈ ಗಾಡಿ ಯಾಕೆ ಒಗ್ಗಿತು ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಎಂಬಿಯ ಮೊದಲ ಗೇರ್ 2.665, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ 1.97, ಆಕ್ಸಲ್ 4.88. ಮೂರನ್ನೂ ಗುಣಿಸಿದರೆ ಹತ್ತಿರ ಹತ್ತಿರ 25.6. ಅಂದರೆ ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಚಕ್ರ ತಿರುಗೋದು 39 ಸುತ್ತು. 6.00-16 ಟೈರಿನ ಸುತ್ತಳತೆ ಸುಮಾರು 2.26 ಮೀಟರ್, ಹಾಗಾಗಿ ವೇಗ ಗಂಟೆಗೆ 5 ಕಿ.ಮೀ. ಚಿಲ್ಲರೆ. ಮನುಷ್ಯ ನಡೆಯೋ ವೇಗ! ಮಳೆಗಾಲದ ಕೆಸರಲ್ಲಿ ತೋಟದಿಂದ ಮೇಲೆ ಹತ್ತೋಕೆ ಬೇಕಾಗಿದ್ದು ಅದೇ ತಾನೇ. ಎಂಜಿನ್ ಬರೀ 2.2 ಲೀಟರ್, 60 ಅಶ್ವಶಕ್ತಿ.

ಆದರೆ ಸೈನ್ಯದ ಜೀಪಲ್ಲಿ ಮನೆಮಂದಿ ಕೂರೋಕೆ ಜಾಗ ಇಲ್ಲ, ಬಾಗಿಲೂ ಇಲ್ಲ, ಮೇಲೆ ಕ್ಯಾನ್ವಾಸ್ ಮಾತ್ರ. ನಮ್ಮ ಕಡೆ ಮಳೆ ಹೊಡೆದರೆ ಕ್ಯಾನ್ವಾಸ್ ಏನು ತಡೆಯುತ್ತೆ? ಅದಕ್ಕೆ ಜನ ಚಾಸಿ ಇಟ್ಟುಕೊಂಡು ಮೇಲಿನ ಬಾಡಿಯನ್ನು ತಮಗೆ ಬೇಕಾದ ಹಾಗೆ ಕಟ್ಟಿಸಿದರು. ಸಿದ್ದಾಪುರ ತಾಲೂಕಿನ ನಮ್ಮ ದೊಡ್ಡಪ್ಪನ ಮನೆಯ ಸೋಗೆ ಮಾಡಿನ ಕೆಳಗೆ ಅಂಥದ್ದೊಂದಿದೆ. ಅಜ್ಜ ಕಟ್ಟಿಸಿದ್ದು. ಹಿಂದೆ ಒಂದೂವರೆ ಅಡಿ ಉದ್ದ ಮಾಡಿ, ಎದುರುಬದುರು ಬೆಂಚು ಹಾಕಿ, ಸಾಗುವಾನಿ ಚೌಕಟ್ಟಿನ ಮೇಲೆ ತಗಡು ಹೊಡೆದಿದ್ದಾರೆ. ಹಿಂಬಾಗಿಲಿಗೆ ಮನೆ ಬಾಗಿಲಿನ ಥರವೇ ಚಿಲಕ. ಈಗ ಮನೆಯಲ್ಲಿ ಚರ್ಚೆ ನಡೀತಾ ಇದೆ. ಅಣ್ಣ ಹೇಳೋದು, ಮರದ ಬಾಡಿ ಕಿತ್ತು, ಹೊಸ ತಗಡಿನ ಮಿಲಿಟರಿ ಬಾಡಿ ಕೂರಿಸಿ, ಹಸಿರು ಬಣ್ಣ ಬಳಿದು ಒರಿಜಿನಲ್ ಮಾಡೋಣ ಅಂತ. ದೊಡ್ಡಪ್ಪ ಒಂದೇ ಮಾತು ಹೇಳಿದರು: "ತಮಾ, ಈ ಮರ ತೆಗೆದ್ರೆ ಇದು ನಮ್ಮನೆ ಜೀಪಾಗಿ ಉಳಿತಿಲ್ಲೆ."

ಇದು ಬರೀ ಭಾವನೆಯ ಮಾತಲ್ಲ ಅಂತ ನನ್ನ ಅಭಿಪ್ರಾಯ. ಲಕ್ಷಾಂತರ ಎಂಬಿಗಳಿಗೆ ನಕ್ಷೆ, ಮ್ಯಾನುಯಲ್, ಬಿಡಿಭಾಗ ಎಲ್ಲ ಇದೆ. ಆ ಬಾಡಿಯನ್ನು ಯಾವಾಗ ಬೇಕಾದರೂ ಹೊಸದಾಗಿ ಮಾಡಬಹುದು. ಆದರೆ ಒಂದೇ ಒಂದು ಮಾಡಿದ ಗಾಡಿಗೆ ಕ್ಯಾಟಲಾಗ್ ಇರಲ್ಲ. ಬೆಳಗಾವಿಯ ಗಡಿಯಾಚೆ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಅನ್ನೋರು 1949ರಲ್ಲಿ ತಾವೇ ಒಂದು ಪುಟ್ಟ ಕಾರು ಕಟ್ಟಿದರು. ಅದರ ಹೆಸರು ಮೀರಾ. ಮುಂದೆ ಅದನ್ನು ತಿದ್ದಿ ತಿದ್ದಿ ಹೊಸ ಮಾದರಿಗಳನ್ನೂ ಮಾಡಿದರು, ಆದರೆ ಅದು ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗುವ ಹಂತಕ್ಕೆ ಹೋಗಲೇ ಇಲ್ಲ. ಅಂಥ ಕಾರಿಗೆ ಕಾರೇ ಮ್ಯಾನುಯಲ್, ನಮ್ಮ ಮರದ ಬಾಡಿಗೂ ಹಾಗೇ. ಬಿಚ್ಚಿ ಎಸೆದರೆ ಮ್ಯಾನುಯಲ್ ಸುಟ್ಟಂತೆ.

ಹಾಗಾಗಿ ಕೆಲಸ ಶುರುವಾಗೋದು ಸ್ಪ್ಯಾನರಿನಿಂದ ಅಲ್ಲ, ಓದೋದರಿಂದ. ಮೊದಲು ಚಾಸಿ ಯಾರದ್ದು ಅಂತ ನೋಡಬೇಕು. ಮುಂದಿನ ಅಡ್ಡಪಟ್ಟಿ ದುಂಡಗಿನ ಪೈಪ್ ಆಗಿದ್ದರೆ ವಿಲ್ಲಿಸ್, ಬೋರಲು ಹಾಕಿದ ಚೌಕ ಚಾನೆಲ್ ಆಗಿದ್ದರೆ ಫೋರ್ಡ್. ಫೋರ್ಡಿನವರು ಬೋಲ್ಟಿನ ತಲೆ ಮೇಲೂ ಎಫ್ ಅಕ್ಷರ ಒತ್ತಿದ್ದಾರೆ (ಅಷ್ಟು ಜಂಭ!). ಆಮೇಲೆ ಚಾಸಿಯ ಮೇಲಿನ ತೂತುಗಳು. ಕಾರ್ಖಾನೆಯ ತೂತು ಯಾವುದು, ಆಚಾರಿ ಆಮೇಲೆ ಕೊರೆದದ್ದು ಯಾವುದು ಅಂತ ಗುರುತು ಮಾಡಿದರೆ ಬಾಡಿ ಎಲ್ಲೆಲ್ಲಿ ಕೂತಿತ್ತು ಅನ್ನೋದು ತಾನೇ ಗೊತ್ತಾಗುತ್ತೆ. ಬಣ್ಣಕ್ಕೂ ಒಂದು ಉಪಾಯ ಇದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಸಣ್ಣ ನೀರುಕಾಗದದಿಂದ ನಿಧಾನ ಉಜ್ಜಿದರೆ, ಮರದ ವರ್ಷಉಂಗುರದ ಹಾಗೆ ಒಂದರೊಳಗೊಂದು ಬಣ್ಣದ ಬಳೆ ಕಾಣುತ್ತೆ. ನಮ್ಮದರಲ್ಲಿ ಮೇಲೆ ನೀಲಿ, ಅದರಡಿ ಕೆನೆಬಣ್ಣ. ಬಾನೆಟ್ಟಿನಲ್ಲಿ ಮಾತ್ರ ಎಲ್ಲದರಡಿ ಮಿಲಿಟರಿ ಹಸಿರು. ಮರಕ್ಕೆ ಹೊಡೆದ ತಗಡಿನಲ್ಲಿ ಹಸಿರಿಲ್ಲ. ಅಂದರೆ ಅದು ಎಂದೂ ಸೈನ್ಯ ನೋಡಿಲ್ಲ.

ಈಗ ಮುಖ್ಯ ಪ್ರಶ್ನೆ: ಚೌಕಟ್ಟು ಅಲ್ಲಲ್ಲಿ ಲಡ್ಡಾಗಿದೆ, ಏನು ಮಾಡೋದು? ಗ್ಯಾರೇಜಿನವರ ಸುಲಭದ ಉತ್ತರ, ಕಬ್ಬಿಣದ ಚೌಕ ಪೈಪ್ ತಂದು ವೆಲ್ಡ್ ಮಾಡೋದು. ಅಗ್ಗ, ಬೇಗ ಮುಗಿಯುತ್ತೆ. ಆದರೆ ಜೀಪಿನ ಚಾಸಿ ಏಣಿಯಂಥದ್ದು. ಒಂದು ಚಕ್ರ ಕಲ್ಲು ಹತ್ತಿದರೆ ಇಡೀ ಏಣಿ ತುಸು ತಿರುಚಿಕೊಳ್ಳುತ್ತೆ, ಹಾಗೆ ತಿರುಚಬೇಕು ಅಂತಲೇ ಮಾಡಿದ್ದು. ಆಚಾರಿಯ ಕೆಲಸ ಮನೆ ಬಾಗಿಲಿನ ದಾರಂದದಂಥದ್ದು: ಒಂದು ಮರದ ತುದಿ ಇನ್ನೊಂದರ ತೂತಿಗೆ ಸೇರಿಸಿ ಬೆಣೆ ಹೊಡೆದಿದ್ದು. ಆ ಜೋಡಣೆ ಚಾಸಿಯ ಜೊತೆ ಕೂದಲೆಳೆಯಷ್ಟು ಅಲುಗಾಡುತ್ತೆ, ಕಿರ್ ಅನ್ನುತ್ತೆ, ಆದರೆ ತಡೆದುಕೊಳ್ಳುತ್ತೆ. ವೆಲ್ಡ್ ಮಾಡಿದ ಪೈಪಿನ ಪಂಜರ ಅಲುಗಾಡಲ್ಲ, ಹಾಗಾಗಿ ತಿರುಚುವ ಬಲವೆಲ್ಲ ವೆಲ್ಡಿನ ಮೂಲೆಗೆ ಬಂದು ಸೇರುತ್ತೆ. ದಿನಾ ಹೀಗೇ ಆದರೆ ಅಲ್ಲಿಂದಲೇ ಬಿರುಕು. ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕದ ಸ್ಟ್ರೆಸ್ ಕಾನ್ಸನ್‌ಟ್ರೇಷನ್ ಇದೇ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದು!

ಆದ್ದರಿಂದ ಲಡ್ಡಾದಷ್ಟೇ ಭಾಗ ಕತ್ತರಿಸಿ, ಚೆನ್ನಾಗಿ ಒಣಗಿದ ಸಾಗುವಾನಿಯನ್ನೇ ಓರೆಯಾಗಿ ಜೋಡಿಸೋದು ಸರಿ. ತೆಗೆಯುವ ಮೊದಲು ಪ್ರತಿ ತುಂಡಿಗೂ ರಟ್ಟಿನ ಪಡಿಯಚ್ಚು ಕತ್ತರಿಸಿ ನಂಬರ್ ಹಾಕಿಡಬೇಕು. ಮರಕ್ಕೂ ತಗಡಿಗೂ ನಡುವೆ ನೀರು ನಿಂತೇ ತುಕ್ಕು ಶುರುವಾಗೋದು, ಹಾಗಾಗಿ ಕೂರಿಸುವ ಮುಂಚೆ ಎರಡಕ್ಕೂ ಬಣ್ಣ ಆಗಿರಬೇಕು, ಕೆಳಗೆ ನೀರು ಇಳಿಯಲು ದಾರಿ ಇರಬೇಕು.

ಬೋಲ್ಟು, ಬ್ರಾಕೆಟ್ಟಿನಂಥ ಚಿಕ್ಕ ಸಾಮಾನಿನ ತುಕ್ಕಿಗೆ ಬಕೆಟ್ ನೀರು, ಬಟ್ಟೆ ಸೋಡಾ, ಬ್ಯಾಟರಿ ಚಾರ್ಜರ್ ಸಾಕು. ಸಾಮಾನಿಗೆ ನೆಗೆಟಿವ್, ಪಕ್ಕದಲ್ಲಿ ಮುಳುಗಿಸಿದ ಗುಜರಿ ಕಬ್ಬಿಣಕ್ಕೆ ಪಾಸಿಟಿವ್. ಸ್ಟೀಲ್ ಚಮಚ ಮಾತ್ರ ಹಾಕಬೇಡಿ, ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಬರುತ್ತೆ. ಹೈಡ್ರೋಜನ್ ಬಿಡುಗಡೆ ಆಗೋದರಿಂದ ಬಯಲಲ್ಲೇ ಮಾಡಬೇಕು. ಸ್ಪ್ರಿಂಗನ್ನು ಇದರಲ್ಲಿ ಹಾಕಬಾರದು, ಹೈಡ್ರೋಜನ್ ಹೀರಿ ಪೆಡಸಾಗಿ ಮುರಿಯಬಹುದು.

ವಯರಿಂಗ್ 6 ವೋಲ್ಟಿನದ್ದು. ಅಷ್ಟೇ ಬೆಳಕಿಗೆ 12 ವೋಲ್ಟಿನ ಎರಡು ಪಟ್ಟು ಕರೆಂಟ್ ಹರಿಯಬೇಕು: 30 ವಾಟಿನ ಬಲ್ಬಿಗೆ 5 ಆಂಪಿಯರ್. ಅರ್ತ್ ಜಾಗದಲ್ಲಿ ತುಕ್ಕಿದ್ದರೆ ದೀಪ ಮಿಣುಕು ಹುಳ ಆಗಿಬಿಡುತ್ತೆ. ದಪ್ಪ ಕೇಬಲ್, ಹೊಳೆಯುವ ಅರ್ತ್, ಇಷ್ಟಾದರೆ 6 ವೋಲ್ಟನ್ನೇ ಉಳಿಸಿಕೊಳ್ಳಬಹುದು. ಪೆಟ್ರೋಲಿನದ್ದು ಹೊಸ ತಲೆನೋವು. ಈಗ ಬಂಕಿನಲ್ಲಿ ಸಿಗೋದು 20 ಶೇಕಡಾ ಎಥನಾಲ್ ಬೆರೆಸಿದ್ದು. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ, ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತೆ. ಪಂಪಿನ ಡಯಾಫ್ರಂ, ಹೋಸು ಎರಡನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಲೇಬೇಕು. ಮಳೆಗಾಲ ಪೂರ್ತಿ ನಿಲ್ಲಿಸೋದಾದರೆ ಟ್ಯಾಂಕ್ ಖಾಲಿ ಮಾಡೋದು ಒಳ್ಳೇದು.

ಇನ್ನು ಕಾನೂನು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಊರ್ಜಿತ, ನಂಬರಿನಲ್ಲಿ ವಿಎ ಅಕ್ಷರ. ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಮಾತ್ರ. ಸೈನ್ಯದಿಂದ ಬಂದು, ಆಮೇಲೆ ಮರದ ಬಾಡಿ ಹೊತ್ತ ಗಾಡಿಯ "ಮೂಲ ರೂಪ" ಯಾವುದು? ಅದನ್ನು ಹೇಳಬಲ್ಲದ್ದು ಹಳೆಯ ಆರ್‌ಸಿ ಪುಸ್ತಕ. ಉತ್ತರ ಕನ್ನಡ 1956ರ ನವೆಂಬರ್ 1ರ ತನಕ ಮುಂಬೈ ರಾಜ್ಯದಲ್ಲಿತ್ತು, ಹಾಗಾಗಿ ಅದಕ್ಕಿಂತ ಹಿಂದಿನ ಕಾಗದದ ಮೇಲೆ ಮುಂಬೈ ಸರ್ಕಾರದ ಮುದ್ರೆ ಇರುತ್ತೆ. ಬಾಡಿಯ ಬಗೆ ಅನ್ನೋ ಕಾಲಂನಲ್ಲಿ ಏನು ಬರೆದಿದ್ದಾರೆ ಅನ್ನೋದರ ಮೇಲೆ ನಮ್ಮನೆ ಅರ್ಜಿ ನಿಂತಿದೆ. ಆ ಪುಸ್ತಕ ಅಜ್ಜನ ಟ್ರಂಕಿನಲ್ಲಿ ಅಡಿಕೆ ಲೆಕ್ಕದ ವಹಿಗಳ ಜೊತೆ ಇರಬೇಕು ಅಂತ ದೊಡ್ಡಮ್ಮ ಹೇಳ್ತಾರೆ. ಟ್ರಂಕಿನ ಬೀಗದ ಕೈ ಹುಡುಕ್ತಾ ಇದ್ದಾರೆ. ಅದು ಸಿಗೋವರೆಗೆ ಒಂದು ಸ್ಕ್ರೂ ಕೂಡ ಬಿಚ್ಚೋದಿಲ್ಲ ಅಂತ ಅಣ್ಣನೂ ಒಪ್ಪಿದ್ದಾನೆ.