ದಾಸೋಹಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ಆನೆಕೊಂಡದ ಕಡೆಯಿಂದ ನಮ್ಮ ಮಠಕ್ಕೆ ಬರುವ ವಿದ್ಯಾರ್ಥಿಯೊಬ್ಬರು ಈಚೆಗೆ ತಮ್ಮ ಸಂಕಟವನ್ನು ತೋಡಿಕೊಂಡರು. ಹೊರರಾಜ್ಯದ ಸಹಪಾಠಿಯೊಬ್ಬರು ಅವರ ಕೊರಳಿನ ಇಷ್ಟಲಿಂಗವನ್ನು ಕಂಡು, ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆಯುವ ನಮ್ಮ ಹುಡುಗರು ಮಾತು ತೋಚದೆ 'ತಾಯಿತ' ಎಂದುಬಿಟ್ಟರು. ಅಂದಿನಿಂದ ಅದನ್ನು ಅಂಗಿಯೊಳಗೆ ಮರೆಮಾಡಿ ಓಡಾಡುತ್ತಿದ್ದಾರೆ. ಇದನ್ನು ಕೇಳಿ ನಮಗೆ ನೋವಾಯಿತು. ಕೊರತೆಯಿದ್ದದ್ದು ಅವರ ಶ್ರದ್ಧೆಯಲ್ಲಿ ಅಲ್ಲ, ವ್ಯಾಕರಣದಲ್ಲಿಯೂ ಅಲ್ಲ. ನಮ್ಮನ್ನು ಅರಿಯದವರಿಗೆ ನಮ್ಮದನ್ನು ತಿಳಿಸಿ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ದಾವಣಗೆರೆಯ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಿಗೆ ಹಲವು ರಾಜ್ಯಗಳ ಮಕ್ಕಳು ಬರುತ್ತಾರೆ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯವು ಸುತ್ತಲ ಹಳ್ಳಿಗಳ ಮಕ್ಕಳಿಗೂ ಉನ್ನತ ಶಿಕ್ಷಣವನ್ನು ಹತ್ತಿರವಾಗಿಸಿದೆ. ಇವರೆಲ್ಲ ಪರಸ್ಪರ ಮಾತನಾಡುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ.

ತೊಡಕು ಸಣ್ಣ ಮಾತಿನಲ್ಲಿಯೇ ಹುಟ್ಟುತ್ತದೆ. 'ಆ ಪುಸ್ತಕ ಕೊಡ್ರಿ' ಎಂದಾಗ ನಮ್ಮ ಗೌರವವೆಲ್ಲ ಆ ಕೊನೆಯ 'ರಿ'ಯಲ್ಲಿದೆ. 'ದಯವಿಟ್ಟು' ಎಂದು ಬೇರೆಯಾಗಿ ಹೇಳುವ ಅಗತ್ಯ ನಮಗಿಲ್ಲ. ಅದನ್ನೇ 'ಗಿವ್ ದಟ್ ಬುಕ್' ಎಂದರೆ ಆ 'ರಿ' ಉದುರಿಹೋಗಿ ಬರಿಯ ಅಪ್ಪಣೆ ಉಳಿಯುತ್ತದೆ. ಕೇಳಿದವರು ಒರಟನೆಂದುಕೊಳ್ಳುತ್ತಾರೆ, ಹೇಳಿದವರಿಗೆ ತಮ್ಮ ತಪ್ಪೇನೆಂದೇ ತಿಳಿಯದು. 'ಊಟ ಆಯ್ತಾ?' ಎಂಬ ನಮ್ಮ ಕುಶಲಪ್ರಶ್ನೆಯೂ ಹಾಗೆಯೇ. ಪದಶಃ ಅನುವಾದಿಸಿದರೆ, ಪರಿಚಯವಿಲ್ಲದವರು ಅದನ್ನು ಊಟದ ಆಹ್ವಾನವೆಂದು ಭಾವಿಸಬಹುದು. (ಮಠದಲ್ಲಿಯಾದರೆ ಅದು ಆಹ್ವಾನವೇ ಸರಿ!)

ಧರ್ಮದ ಪದಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ದಾಸೋಹವನ್ನು 'ಚಾರಿಟಿ' ಎಂದರೆ ಕೊಡುವವನು ಮೇಲಾಗಿ, ಪಡೆಯುವವನು ಕೆಳಗಾಗುತ್ತಾನೆ. ಶರಣರು ಬಯಸಿದ್ದು ಇದಕ್ಕೆ ವಿರುದ್ಧವಾದುದನ್ನು: ನೀಡುವವನೇ ದಾಸನೆಂಬ ಭಾವವನ್ನು. ಕಾಯಕವನ್ನು ಬರಿಯ 'ವರ್ಕ್' ಎಂದರೂ ಅರ್ಧ ಅರ್ಥ ಸೋರಿಹೋಗುತ್ತದೆ. ಇಂಥಲ್ಲಿ ಮೂಲಪದವನ್ನೇ ಹೇಳಿ, ಎರಡು ವಾಕ್ಯಗಳಲ್ಲಿ ವಿವರಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಎ.ಕೆ. ರಾಮಾನುಜನ್ನರು 1973ರಲ್ಲಿ ಪ್ರಕಟವಾದ 'ಸ್ಪೀಕಿಂಗ್ ಆಫ್ ಶಿವ' ಗ್ರಂಥದಲ್ಲಿ ಬೇರೆ ಹಾದಿ ಹಿಡಿದು, ಚೆನ್ನಮಲ್ಲಿಕಾರ್ಜುನನಂಥ ಅಂಕಿತಗಳ ಅರ್ಥವನ್ನೇ ಇಂಗ್ಲಿಷಿಗೆ ತಂದರು. ಅದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ವಚನಗಳು ದೂರದ ಓದುಗರನ್ನು ಮುಟ್ಟಲು ಆ ಗ್ರಂಥವು ನೆರವಾಯಿತೆಂಬುದನ್ನು ಮರೆಯಲಾಗದು.

ಹೇಳುವಷ್ಟೇ ಕೇಳುವುದೂ ಮುಖ್ಯ. ಕಲ್ಯಾಣದ ಶರಣರಲ್ಲಿ ಸೌರಾಷ್ಟ್ರದಿಂದ ಬಂದ ಆದಯ್ಯ, ಕಾಶ್ಮೀರದಿಂದ ಬಂದ ಮೋಳಿಗೆ ಮಾರಯ್ಯ ಇದ್ದರೆಂದು ನಮ್ಮ ಪರಂಪರೆ ಹೇಳುತ್ತದೆ. ಹೊರಗಿನಿಂದ ಬಂದವರು ಕನ್ನಡದಲ್ಲಿಯೇ ವಚನ ನುಡಿಯುವಂತಾಗಲು ಅಲ್ಲಿ ತಾಳ್ಮೆಯಿಂದ ಕೇಳಿಸಿಕೊಂಡವರೂ ಇದ್ದಿರಲೇಬೇಕು.

ಆ ವಿದ್ಯಾರ್ಥಿಯೊಡನೆ ಕುಳಿತು ನಾವು ಉತ್ತರವೊಂದನ್ನು ಸಿದ್ಧಪಡಿಸಿದೆವು: ಇದು ಇಷ್ಟಲಿಂಗ, ರಕ್ಷೆಗಾಗಿ ಕಟ್ಟಿಕೊಂಡ ತಾಯಿತವಲ್ಲ, ಅಂಗೈಯಲ್ಲಿರಿಸಿಕೊಂಡು ನಾನೇ ಪೂಜಿಸುತ್ತೇನೆ, ನಡುವೆ ಪೂಜಾರಿ ಬೇಕಿಲ್ಲ, ಹೆಣ್ಣುಮಕ್ಕಳೂ ಧರಿಸುತ್ತಾರೆ. ಇಂಗ್ಲಿಷಿನಲ್ಲಿ ನಾಲ್ಕೇ ವಾಕ್ಯಗಳಾದವು. ಐದನೆಯದನ್ನು ಅವರೇ ಸೇರಿಸಿಕೊಂಡರು: 'ನಿಮ್ಮ ಮನೆಯಲ್ಲಿ ಪೂಜೆ ಹೇಗೆ?'