ನಿಮಗಿದು ಗೊತ್ತೇ? ಕಟಿಂಗ್ ವೀಲಿಗೂ ಎಕ್ಸ್‌ಪೈರಿ ಡೇಟ್ ಇದೆ

ಮಾತ್ರೆ ನುಂಗುವ ಮುಂಚೆ ಪಟ್ಟಿ ತಿರುಗಿಸಿ ದಿನಾಂಕ ನೋಡುತ್ತೇವೆ. ವೆಲ್ಡಿಂಗ್ ಷಾಪಿನ ಆಂಗಲ್ ಗ್ರೈಂಡರಿಗೆ ಹಾಕುವ ಕಟಿಂಗ್ ವೀಲಿಗೂ ಅಂಥದೇ ದಿನಾಂಕವಿದೆ. ನಟ್ಟು ಕೂರುವ ಜಾಗದಲ್ಲಿ, ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಕಬ್ಬಿಣ ಕೊಯ್ಯುವ ಹರಳುಗಳನ್ನು ಹಿಡಿದಿಟ್ಟಿರುವುದು ಒಂದು ಬಗೆಯ ರಾಳದ ಅಂಟು. ಅದು ತೇವ ಹೀರಿದಷ್ಟೂ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಸಾಮಾನ್ಯವಾಗಿ ತಯಾರಾದ ಮೇಲೆ 3 ವರ್ಷಕ್ಕೇ ಅದರ ಆಯುಸ್ಸು ಮುಗಿಯಿತು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಎರಡು ಮಳೆಗಾಲ ಷೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ವೀಲು ನೋಡಲು ಹೊಸದರಂತೆಯೇ ಇದ್ದರೂ ಅದನ್ನು ನಂಬಬೇಡಿ.

4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂದರೆ ವೀಲಿನ ಅಂಚು ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿ ನಿಮ್ಮ ಮುಖದ ಮುಂದೆ ಓಡುತ್ತಿರುತ್ತದೆ. ವೀಲಿನ ಮೇಲೆ ಅದರ ಮಿತಿಯನ್ನೂ ಬರೆದಿರುತ್ತಾರೆ: 4 ಇಂಚಿನದಕ್ಕೆ 15,300 ಸುತ್ತು, 7 ಇಂಚಿನದಕ್ಕೆ 8,500. ಅಂಕಿ ಬೇರೆಯಾದರೂ ಎರಡರ ಅಂಚಿನ ವೇಗದ ಮಿತಿ ಒಂದೇ, ಸೆಕೆಂಡಿಗೆ 80 ಮೀಟರ್. ಈಗ ಗಾರ್ಡ್ ಬಿಚ್ಚಿ ಚಿಕ್ಕ ಮೆಷಿನ್ನಿಗೆ 7 ಇಂಚಿನ ವೀಲು ಸಿಕ್ಕಿಸಿದರೆ ಅಂಚು ಗಂಟೆಗೆ 370 ಕಿ.ಮೀ. ದಾಟುತ್ತದೆ. ವೀಲನ್ನು ಸೀಳುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದರ ಮೇಲೆ ಬೀಳುವ ಎಳೆತ ಮಿತಿಗಿಂತ ಮೂರನೇ ಎರಡರಷ್ಟು ಹೆಚ್ಚು. ವೀಲು ಒಡೆದಾಗ ಚೂರು ತಡೆಯಲೆಂದೇ ಇದ್ದ ಗಾರ್ಡನ್ನು ಅಷ್ಟರಲ್ಲಿ ಬಿಚ್ಚಿ ಆಗಿರುತ್ತದೆ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವುದು ಇದಕ್ಕಿಂತಲೂ ಕೆಟ್ಟ ಅಭ್ಯಾಸ. ಹಲ್ಲು ಮರಕ್ಕೆ ಕಚ್ಚಿದರೆ ಇಡೀ ಮೆಷಿನ್ನೇ ಎಗರಿ ಹಿಡಿದವರ ಮೇಲೆ ಬರುತ್ತದೆ.

ಜರ್ಮನರು ಆಂಗಲ್ ಗ್ರೈಂಡರನ್ನು ಮಾತಿನಲ್ಲಿ ‘ಫ್ಲೆಕ್ಸ್’ ಎನ್ನುತ್ತಾರೆ. 1954ರಲ್ಲಿ ಅದನ್ನು ಮಾರುಕಟ್ಟೆಗೆ ತಂದ ಕಂಪನಿಯ ಹೆಸರದು. ಅದಕ್ಕೂ ಮುಂಚೆ, 1895ರಲ್ಲಿ, ಅದೇ ದೇಶದ ಸ್ಟುಟ್‌ಗಾರ್ಟಿನಲ್ಲಿ ಫೈನ್ ಕಂಪನಿ ಮಾಡಿದ ವಿದ್ಯುತ್ ಕೈ ಡ್ರಿಲ್ಲು ಏಳೂವರೆ ಕಿಲೋ ತೂಗುತ್ತಿತ್ತು.

ಮೆಷಿನ್ನಿನ ಪ್ಲೇಟಿನ ಮೇಲೆ ಚೌಕದೊಳಗೊಂದು ಚೌಕ ಕಂಡಿದ್ದೀರಾ? ಎರಡು ಪದರ ಇನ್ಸುಲೇಷನ್ ಇದೆ ಎಂಬುದರ ಗುರುತು ಅದು. ಅಂಥದ್ದಕ್ಕೆ ಎರಡೇ ಪಿನ್ ಸಾಕು, ಅರ್ಥಿಂಗ್ ಬೇಕಿಲ್ಲ. ಆ ಗುರುತು ಇಲ್ಲದ ಮೆಷಿನ್ನಿನ ಮೂರನೇ ಪಿನ್ನನ್ನು ಮುರಿಯಲೇಬಾರದು. ಪ್ಲಗ್ಗೇ ಇಲ್ಲದೆ ಬರಿ ವೈರನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದು ಇನ್ನೂ ಎಷ್ಟೋ ಕಟ್ಟಡಗಳಲ್ಲಿ ನಡೆಯುತ್ತಿದೆ. ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ.

ಏಕೆಂದರೆ ಸಾವಿಗೆ ಬೇಕಾದ ಕರೆಂಟು ತೀರಾ ಕಡಿಮೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಡಾಲ್ಜೀಲ್ ಸ್ವಯಂಸೇವಕರ ಮೇಲೆ ಪರೀಕ್ಷೆ ಮಾಡಿ, ಎಷ್ಟು ಕರೆಂಟು ಹರಿದರೆ ಹಿಡಿದ ತಂತಿ ಬಿಡಲಾಗುವುದಿಲ್ಲ ಎಂದು ಅಳೆದರು. ಗಂಡಸರಲ್ಲಿ ಸರಾಸರಿ 16, ಹೆಂಗಸರಲ್ಲಿ ಸುಮಾರು 10.5 ಮಿಲಿಆಂಪ್. 9 ವ್ಯಾಟಿನ ಬಲ್ಬು ಉರಿಯಲು ಇದಕ್ಕಿಂತ ಹೆಚ್ಚು ಬೇಕು! 16 ಆಂಪಿನ ಎಂಸಿಬಿ ಇರುವುದು ವೈರಿಂಗ್ ಉಳಿಸಲು. ಮನುಷ್ಯನಿಗೆ ಷಾಕ್ ಹೊಡೆಯುತ್ತಿದ್ದರೂ ಅದು ಅಲುಗುವುದಿಲ್ಲ. 30 ಮಿಲಿಆಂಪ್ ಸೋರಿದರೆ ಕಣ್ಣೆವೆಯಿಕ್ಕುವಷ್ಟರಲ್ಲಿ ಕಡಿತ ಮಾಡುವ ಆರ್‌ಸಿಸಿಬಿಯೇ ಜೀವ ಉಳಿಸುವುದು. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ, ಬೀಳದಿದ್ದರೆ ಬದಲಾಯಿಸಿ.

ಸುತ್ತಿಟ್ಟ ಎಕ್ಸ್‌ಟೆನ್ಷನ್ ವೈರು ಒಳಗೊಳಗೇ ಬಿಸಿಯಾಗಿ ಕರಗಬಹುದು. ಬೇಕಿರುವುದು ಎರಡೇ ಮೀಟರಾದರೂ ಪೂರ್ತಿ ಬಿಚ್ಚಿ ಹಾಸಿ.

ಡ್ರಿಲ್ಲಿಂಗ್ ಮೆಷಿನ್ನಿನ ಒಳಗೆ ಕಿಡಿ ಜಾಸ್ತಿ, ನಡುನಡುವೆ ನಿಂತು ಹೋಗುತ್ತದೆ ಎಂದಾಗ ರಿಪೇರಿಯವರು ಮೊದಲು ಹೇಳುವುದು ‘ಕಾರ್ಬನ್ ಹೋಗಿದೆ’ ಅಂತ. ಬಹುತೇಕ ಅದೇ ನಿಜವೂ ಹೌದು. ತಿರುಗುವ ತಾಮ್ರದ ಕಮ್ಯುಟೇಟರಿಗೆ ಕರೆಂಟು ದಾಟಿಸುತ್ತ, ಅದಕ್ಕೆ ಉಜ್ಜುತ್ತಲೇ ಸವೆದುಹೋಗುವ ತುಂಡುಗಳವು. ಹಿಂದೆ ನಿಜಕ್ಕೂ ತಾಮ್ರದ ತಂತಿಯ ಕಂತೆಗಳಾಗಿದ್ದುದರಿಂದ ‘ಬ್ರಷ್’ ಎಂಬ ಹೆಸರು ಉಳಿಯಿತು. ಒಂದು ಸವೆದರೂ ಜೋಡಿಯನ್ನೇ ಬದಲಾಯಿಸಬೇಕು. ಪೂರ್ತಿ ತೇಯುವವರೆಗೆ ಬಿಟ್ಟರೆ ಸ್ಪ್ರಿಂಗು ಕಮ್ಯುಟೇಟರನ್ನೇ ಗೀರಿ ಆರ್ಮೇಚರಿನ ಖರ್ಚು ತಲೆಗೆ ಬರುತ್ತದೆ. ಆಯುಧ ಪೂಜೆಯ ದಿನ ಮೆಷಿನ್ನನ್ನು ಒರೆಸಿ ಕುಂಕುಮ ಇಡುತ್ತೇವಲ್ಲ, ಅದಕ್ಕೂ ಮುಂಚೆ ಕಾರ್ಬನ್ ಬಿಚ್ಚಿ ನೋಡುವುದು, ಗಾಳಿಕಿಂಡಿಯ ದೂಳು ತೆಗೆಯುವುದು, ವೈರು ಮೆಷಿನ್ನಿನೊಳಗೆ ಹೋಗುವ ಕಡೆ ಸೀಳಿದೆಯೇ ಎಂದು ಬಗ್ಗಿಸಿ ನೋಡುವುದು ನನ್ನ ಮಟ್ಟಿಗೆ ಪೂಜೆಯ ಮೊದಲ ಭಾಗ. ಪ್ಲಗ್ ತೆಗೆದ ಮೇಲೆಯೇ, ಸ್ವಿಚ್ ಆಫ್ ಮಾಡಿದರೆ ಸಾಲದು.

ಕೈಗವಸು ಎಲ್ಲ ಕಡೆ ಒಳ್ಳೆಯದಲ್ಲ. ಪಿಲ್ಲರ್ ಡ್ರಿಲ್ಲಿನ ಹತ್ತಿರ ಬಟ್ಟೆಯ ಗವಸು ಅಪಾಯ. ನಿಮಿಷಕ್ಕೆ 600 ಸುತ್ತೆಂದರೆ ಸೆಕೆಂಡಿಗೆ 10. ಮನುಷ್ಯ ಎಚ್ಚೆತ್ತು ಕೈ ಎಳೆಯಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಎಳೆ ಬಿಟ್ಟಿಗೆ ಎರಡು ಸುತ್ತು ಸುತ್ತಿ ಬೆರಳನ್ನೂ ಎಳೆದುಕೊಂಡಿರುತ್ತದೆ. ಹೆಗಲ ಮೇಲಿನ ಟವೆಲ್ಲು, ಮಣಿಕಟ್ಟಿನ ದಾರ, ಬಿಚ್ಚಿದ ಜಡೆಗೂ ಇದೇ ಲೆಕ್ಕ.

100 ಡೆಸಿಬೆಲ್ ಸದ್ದನ್ನು ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಬರಿಗಿವಿಯಲ್ಲಿ ಕೇಳಬಾರದೆಂದು ಅಮೆರಿಕದ ನಿಯೋಶ್ ಸಂಸ್ಥೆಯ ಸಲಹೆ. ಕಬ್ಬಿಣ ಕೊಯ್ಯುವ ಗ್ರೈಂಡರ್ ಆ ಮಟ್ಟ ಮುಟ್ಟುವುದು ಮಾಮೂಲು.

ಕಣ್ಣಿಗೆ ಸಿಡಿದ ಕಬ್ಬಿಣದ ಚೂರು ಕೆಲವೇ ಗಂಟೆಗಳಲ್ಲಿ ಕಣ್ಣಿನೊಳಗೇ ತುಕ್ಕು ಹಿಡಿಯಲು ಶುರುವಾಗಿ, ಕಾರ್ನಿಯಾದ ಮೇಲೆ ಕಂದು ಉಂಗುರ ಬಿಡುತ್ತದೆ. ಸೆರಗಿನ ತುದಿ, ಕರ್ಚೀಫು, ಎದೆಹಾಲು ಯಾವುದೂ ಬೇಡ. ಉಜ್ಜದೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಪ್ಪು ಕೂಲಿಂಗ್ ಗ್ಲಾಸು ರಕ್ಷಣೆಯ ಕನ್ನಡಕವಲ್ಲ.

ಟೇಬಲ್ ಗರಗಸದ ಬ್ಲೇಡಿಗೆ ಬೆರಳು ತಾಗಿದರೆ ಸೆಕೆಂಡಿನ ಇನ್ನೂರನೇ ಒಂದು ಭಾಗದಲ್ಲಿ ನಿಲ್ಲುವ ಮೆಷಿನ್ ಅಮೆರಿಕದಲ್ಲಿದೆ, ಹೆಸರು ಸಾಸ್ಟಾಪ್. ಚರ್ಮ ತಾಗಿದ ಗಳಿಗೆ ಬ್ಲೇಡಿನ ವಿದ್ಯುತ್ ಸಂಕೇತ ಬದಲಾಗಿ, ಅಲ್ಯೂಮಿನಿಯಂ ಗಟ್ಟಿಯೊಂದು ಹಲ್ಲುಗಳಿಗೆ ಹೊಡೆದುಕೊಳ್ಳುತ್ತದೆ. ಸ್ಟೀವ್ ಗ್ಯಾಸ್ ಎಂಬವರು ಅದನ್ನು ತೋರಿಸಲು ಬ್ಲೇಡಿಗೆ ಒಡ್ಡುತ್ತಿದ್ದುದು ಸಾಸೇಜು.

ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಕೃತಕ ಕಲ್ಲಿನ ಅಡುಗೆಕಟ್ಟೆ ಹಲಗೆಗಳನ್ನು ನಿಷೇಧಿಸಿತು. ಕೆಲವು ಹಲಗೆಗಳಲ್ಲಿ 90%ಕ್ಕೂ ಹೆಚ್ಚು ಸಿಲಿಕಾ ಇತ್ತು. ಅದರ ದೂಳು ಎಳೆದುಕೊಂಡ ಕೆಲಸಗಾರರ ಶ್ವಾಸಕೋಶ ಗಟ್ಟಿಯಾಗುತ್ತಿತ್ತು. ಆ ಕಾಯಿಲೆ ಸಿಲಿಕೋಸಿಸ್, ವಾಸಿಯಾಗುವುದಿಲ್ಲ. ನಮ್ಮ ಗ್ರಾನೈಟಿನಲ್ಲಿ ಸಿಲಿಕಾ ಕಡಿಮೆ, ಆದರೆ ಸಾಕಷ್ಟಿದೆ. ನೀರಿನ ಪೈಪು ಇರುವ ಮಾರ್ಬಲ್ ಕಟರನ್ನು ಆರ್‌ಸಿಸಿಬಿ ಇರುವ ಲೈನಿಗೆ ಹಾಕಿ ಒದ್ದೆಯಾಗಿಯೇ ಕೊಯ್ಯಿರಿ. ಕೆಸರು ಒಣಗುವ ಮುಂಚೆ ಬಳಿದು ತೆಗೆಯಿರಿ, ಪೊರಕೆ ಹಿಡಿಯಬೇಡಿ. ಸಂಜೆ ಆ ಅಂಗಿಯನ್ನು ಮನೆಯೊಳಗೆ ಮಕ್ಕಳ ಮುಂದೆ ಕೊಡವಬೇಡಿ, ಬಾಗಿಲ ಹೊರಗೇ ನೀರಿನಲ್ಲಿ ಅದ್ದಿಡಿ.