ಅಪ್ಪಯ್ಯ ಕೇಳಿದ ಪ್ರಶ್ನೆ

ನಮ್ಮೂರು ತಾಳಗುಪ್ಪ, ರೈಲಿನ ಕೊನೇ ನಿಲ್ದಾಣ. ನನ್ನ ಕೆಲಸ ಬೆಂಗಳೂರಲ್ಲಿ, ಸಾಫ್ಟ್‌ವೇರ್. ಕಳೆದ ರಜೆಯಲ್ಲಿ ಅಪ್ಪಯ್ಯನ ಜೊತೆ ಸಾಗರದ ಗಣಪತಿ ಕೆರೆ ಹತ್ತಿರ ನಿಂತಿದ್ದೆ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಸದಾಶಿವ ಸಾಗರ ಇದೇ, ಪೇಟೆಗೆ ಹೆಸರು ಬಂದಿದ್ದೂ ಇದರಿಂದಲೇ ಅಂತಾರೆ. ಕೆರೆ ಅಭಿವೃದ್ಧಿ ಅಂದ್ರೆ ವಾಕಿಂಗ್ ಪಾತ್, ದೀಪ, ಬೆಂಚು ಅಂತ ನಾನು ಶುರು ಮಾಡಿದೆ. ಅಪ್ಪಯ್ಯ ನಕ್ಕರು.

"ತಮಾ, ಇದಕ್ಕೆ ನೀರು ಎಲ್ಲಿಂದ ಬತ್ತು? ಕೋಡಿ ಬಿದ್ದರೆ ಎಲ್ಲಿಗೆ ಹೋಗ್ತು?"

ಇಂಜಿನಿಯರ್ ಬಾಯಲ್ಲಿ ಉತ್ತರ ಇರಲಿಲ್ಲ.

ಬೆಂಗಳೂರಿಗೆ ವಾಪಸಾದ ಮೇಲೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಬೇರೆ ಕಣ್ಣಿಂದ ನೋಡಿದೆ. ಸುಮಾರು 48 ಎಕರೆ. ಒಂದು ಕಾಲಕ್ಕೆ ಕೊಳಚೆ, ಕಸ. ಸುತ್ತಲಿನ ನಿವಾಸಿಗಳು ಪಾಲಿಕೆ ಜೊತೆ ಕೂತು ಯೋಜನೆ ಮಾಡಿದರು. ಕೆರೆ ಚೆಂದ ಆಯ್ತು ಅಂತ ಯಾರನ್ನೂ ಹೊರಗಿಡಲಿಲ್ಲ. ದನಕ್ಕೆ ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು, ಪಕ್ಕದ ಸರ್ಕಾರಿ ಶಾಲೆ ಮಕ್ಕಳು, ಎಲ್ಲರಿಗೂ ಜಾಗ ಉಳೀತು. ಪುಟ್ಟೇನಹಳ್ಳಿಯಲ್ಲಂತೂ ನಿವಾಸಿಗಳ ಟ್ರಸ್ಟೇ 2011ರಲ್ಲಿ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡು ಕೆರೆ ನೋಡಿಕೊಳ್ಳೋ ಹೊಣೆ ಹೊತ್ತಿತು.

ಆದರೂ ಮೇಲಿನ ಬಡಾವಣೆಯಿಂದ ಕೊಳಚೆ ಬಂದರೆ ಇಷ್ಟೆಲ್ಲ ಶ್ರಮವೂ ನೀರುಪಾಲು. ಕೆರೆಯ ಆರೋಗ್ಯ ದಂಡೆಯಲ್ಲಿಲ್ಲ, ಕಾಲುವೆಯಲ್ಲಿದೆ. ಆ ಕಾಲುವೆ ಎಲ್ಲೆಲ್ಲಿ ಹಾಯುತ್ತಿತ್ತು, ಎಲ್ಲಿ ಮುಚ್ಚಿಹೋಯ್ತು ಅನ್ನೋದು ಅಪ್ಪಯ್ಯನ ಓರಗೆಯವರ ತಲೆಯಲ್ಲಿದೆ. ಅವರನ್ನು ಕೇಳದೆ ಮಾಡಿದ ಯೋಜನೆ ಅರ್ಧ ಕೆಲಸ. ಅವರು ಹೋದ ಮೇಲೆ ಕೇಳೋದು ಯಾರನ್ನ?

ಈ ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆಯಲ್ಲ. ಅಪ್ಪಯ್ಯನ ಜೊತೆ ಕಾಲುವೆಗುಂಟ ನಡೆದು, ಅವರು ಹೇಳಿದ್ದನ್ನೆಲ್ಲ ನಕ್ಷೆಗೆ ಇಳಿಸ್ತೀನಿ. ನೀವೂ ನಿಮ್ಮೂರ ಹಿರಿಯರನ್ನು ಒಮ್ಮೆ ಕೇಳಿ ನೋಡಿ.